ಪುಣ್ಯಕೋಟಿ ಕಥೆಯ ನಾಯಕ ಯಾರು?

ನಮ್ಮ ಕನ್ನಡ ಪ್ರಶ್ನೆಪತ್ರಿಕೆಗಳಲ್ಲಿ ಕಥೆಯ ಪಾಠಕ್ಕೆ ಕೆಲವು ಪ್ರಶ್ನೆಗಳು ಕಾಯಂ. ಈ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ. ಪಾಠದ ಸಾರಾಂಶವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ. ಈ ಕಥೆಯಿಂದ ತಿಳಿದುಬರುವ ನೀತಿಯೇನು? ಒಂದನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗೆ ಹೀಗೆ ಕಥೆ ಓದಿದ ಮಕ್ಕಳಿಗೆ ‘ನೀನೇ ಒಂದು ಕಥೆ ಬರಿ’ ಎಂದರೆ ಪೆನ್ನು ಬಾಯಿಗೆ ಹೋಗುತ್ತದೆ, ಕಣ್ಣು ಸೂರಿಗೆ ಹೋಗುತ್ತದೆ. ನೀತಿ ಅವರಿಗೆ ಬಾಯಿಪಾಠ. ಕಥೆ ಹೇಗೆ ನಿಂತಿದೆ, ಯಾವ ತೊಲೆಯ ಮೇಲೆ ಯಾವ ಜಂತೆ ಕೂತಿದೆ ಎಂದು ಮಾತ್ರ ಯಾರೂ ತೋರಿಸಿಕೊಟ್ಟಿಲ್ಲ.

ಇದಕ್ಕೆ ಮದ್ದು ಎಂಬಂತೆ ಈಚೆಗೆ ಬೇಸಿಗೆ ಶಿಬಿರಗಳಲ್ಲಿ, ಇಂಗ್ಲಿಷ್ ಮಾಧ್ಯಮದ ಶಾಲೆಗಳ ಬರವಣಿಗೆ ತರಗತಿಗಳಲ್ಲಿ ಒಂದು ಚಾರ್ಟು ಕಾಣಿಸಿಕೊಳ್ಳುತ್ತಿದೆ. ಒಂದು ವೃತ್ತ, ಅದರ ಸುತ್ತ ಹನ್ನೆರಡು ಹಂತಗಳು, ಮೇಲೆ ‘ಹೀರೋಸ್ ಜರ್ನಿ’ ಎಂಬ ತಲೆಬರಹ. ಕನ್ನಡದಲ್ಲಿ ನಾಯಕನ ಪಯಣ ಎನ್ನೋಣ. ಅಮೆರಿಕದ ಶಾಲೆಗಳಲ್ಲಿ ಇದು ಬಹುಕಾಲದಿಂದ ಪಾಠದ ಭಾಗ. ಹ್ಯಾರಿ ಪಾಟರ್, ಲಯನ್ ಕಿಂಗ್, ಸ್ಟಾರ್ ವಾರ್ಸ್ ಮುಂದಿಟ್ಟುಕೊಂಡು ಅಲ್ಲಿ ಕಲಿಸುತ್ತಾರೆ. ಒಳ್ಳೆಯ ಸಾಧನವೇ, ತಕರಾರಿಲ್ಲ. ಆದರೆ ಕಂಡ ಕಥೆಯನ್ನೆಲ್ಲ ಅದರೊಳಗೆ ತುರುಕಲು ಹೊರಟರೆ ಮಕ್ಕಳಿಗೆ ಸಿಗುವುದು ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಹಳೆಯ ಪ್ರಶ್ನೆಯೇ, ಹನ್ನೆರಡು ಬಿಟ್ಟ ಸ್ಥಳಗಳೊಂದಿಗೆ. ನನ್ನ ವಾದ ಇಷ್ಟು: ನಾಯಕನ ಪಯಣವನ್ನು ಕಲಿಸಬೇಕು, ಅದು ಮುರಿದುಬೀಳುವ ಕಥೆಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ಕಲಿಸಬೇಕು. ಅಂಥ ಕಥೆಗಳಿಗೆ ಕನ್ನಡದಲ್ಲಿ ಬರವಿಲ್ಲ.

‘ಆಮೇಲೆ’ಯನ್ನು ಹೊಡೆದುಹಾಕಿ

ಪಯಣ ಹೊರಡುವ ಮುಂಚೆ ಇನ್ನೂ ಸರಳವಾದ ಒಂದು ಮೆಟ್ಟಿಲಿದೆ. ನಾಲ್ಕನೇ ತರಗತಿಯ ಮಗುವಿನ ಕೈಲಿ ಜಾತ್ರೆಯ ಬಗ್ಗೆ ಬರೆಸಿ ನೋಡಿ. ‘ನಾವು ಜಾತ್ರೆಗೆ ಹೋದೆವು. ಆಮೇಲೆ ತೇರು ನೋಡಿದೆವು. ಆಮೇಲೆ ಬೆಂಡು ಬತ್ತಾಸು ತಗೊಂಡೆವು. ಆಮೇಲೆ ತೊಟ್ಟಿಲು ಹತ್ತಿದೆವು. ಆಮೇಲೆ ಮನೆಗೆ ಬಂದು ಮಲಗಿದೆವು.’ ತಪ್ಪೇನಿಲ್ಲ, ಕಾಗುಣಿತವೂ ಸರಿಯಿದೆ. ಆದರೆ ಇದು ವರದಿ. ಈಗ ಮಗುವಿಗೆ ಒಂದೇ ಒಂದು ಕೆಲಸ ಕೊಡಿ: ಎಲ್ಲ ‘ಆಮೇಲೆ’ಗಳನ್ನೂ ಹೊಡೆದುಹಾಕಿ, ಆ ಜಾಗದಲ್ಲಿ ‘ಆದರೆ’ ಅಥವಾ ‘ಅದಕ್ಕೇ’ ಹಾಕು.

‘ನನಗೆ ತೊಟ್ಟಿಲು ಹತ್ತಬೇಕು ಅಂತ ಆಸೆ. ಆದರೆ ದುಡ್ಡೆಲ್ಲ ಬೆಂಡು ಬತ್ತಾಸಿಗೆ ಮುಗಿದುಹೋಗಿತ್ತು. ಅದಕ್ಕೇ ತಮ್ಮನ ಪಾಲಿನ ಬತ್ತಾಸನ್ನು ಪಕ್ಕದ ಮನೆ ಹುಡುಗನಿಗೆ ಮಾರಲು ಹೋದೆ. ಆದರೆ ತಮ್ಮ ನೋಡಿಬಿಟ್ಟ.’ ಇನ್ನು ಮಗುವನ್ನು ನಿಲ್ಲಿಸುವುದು ಕಷ್ಟ. ತಮ್ಮ ಅತ್ತನೇ, ಅಪ್ಪನಿಗೆ ಹೇಳಿದನೇ, ಪಕ್ಕದ ಮನೆ ಹುಡುಗ ದುಡ್ಡು ವಾಪಸ್ ಕೇಳಿದನೇ ಎಂದು ಇಡೀ ತರಗತಿ ಕಾಯುತ್ತದೆ. ಈ ಉಪಾಯವನ್ನು ಪ್ರಸಿದ್ಧಗೊಳಿಸಿದವರು ‘ಸೌತ್ ಪಾರ್ಕ್’ ಕಾರ್ಟೂನಿನ ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್. 2011ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಅವರು ಹೇಳಿದ್ದು ಇದನ್ನೇ. ಅವರ ಕಾರ್ಟೂನನ್ನು ನಮ್ಮ ಮಕ್ಕಳಿಗೆ ತೋರಿಸುವಂತಿಲ್ಲ. ಸೂತ್ರವನ್ನು ಧಾರಾಳವಾಗಿ ಕೊಡಬಹುದು.

ಸೂತ್ರದ ಒಳಗಿರುವುದು ಹಳೆಯ ತಿಳಿವಳಿಕೆಯೇ. ಯಾರಿಗೋ ಏನೋ ಬೇಕು, ಏನೋ ಅಡ್ಡ ಬರುತ್ತದೆ, ಅವರು ಏನೋ ಮಾಡುತ್ತಾರೆ, ಅದರಿಂದ ಏನೋ ಬದಲಾಗುತ್ತದೆ. ಕಥೆಗೆ ಆದಿ, ಮಧ್ಯ, ಅಂತ್ಯ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರಬೇಕೆಂದು ಅರಿಸ್ಟಾಟಲ್ ಹೇಳಿದ್ದ. ಜರ್ಮನಿಯ ಗುಸ್ತಾವ್ ಫ್ರೈಟಾಗ್ 1863ರಲ್ಲಿ ನಾಟಕವನ್ನು ಐದು ಭಾಗ ಮಾಡಿ ಗೋಪುರದ ಆಕಾರದಲ್ಲಿ ಬರೆದು ತೋರಿಸಿದ. ಇವತ್ತಿಗೂ ಪಾಶ್ಚಾತ್ಯ ತರಗತಿಗಳ ಕಪ್ಪುಹಲಗೆಯ ಮೇಲೆ ಬರುವುದು ಆ ಗೋಪುರವೇ.

ಐದರ ಲೆಕ್ಕ ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರ ಪ್ರಾರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳನ್ನೂ, ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನೂ ಹೇಳುತ್ತದೆ. ಹೆಸರುಗಳು ಭಾರವೆನಿಸಿದರೆ ಮಕ್ಕಳಿಗೆ ಹೇಳಲೇಬೇಕಿಲ್ಲ. ಆದರೆ ವಿಮರ್ಶ ಸಂಧಿಯೊಂದನ್ನು ಬಿಡಬಾರದು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಘಟ್ಟ ಅದು. ಶಾಕುಂತಲದಲ್ಲಿ ಉಂಗುರ ಕಳೆದುಹೋಗಿ, ದುಷ್ಯಂತ ಹೆಂಡತಿಯನ್ನೇ ಗುರುತಿಸದೆ ಕಳಿಸಿಬಿಟ್ಟ ಮೇಲಿನ ಹೊತ್ತು. ಮಕ್ಕಳ ಕಥೆಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಈ ಘಟ್ಟವೇ. ಹುಡುಗ ನಿಧಿ ಹುಡುಕಲು ಹೊರಡುತ್ತಾನೆ, ನಿಧಿ ಸಿಗುತ್ತದೆ, ಮನೆಗೆ ಬರುತ್ತಾನೆ. ‘ಸಿಕ್ಕಿದ್ದು ಕೈತಪ್ಪಿಹೋಗಲಿ, ಆಗ ಏನು ಮಾಡ್ತಾನೆ?’ ಎಂದು ಕೇಳಿದರೆ ಕಥೆ ಒಂದು ಪುಟ ಬೆಳೆಯುತ್ತದೆ.

ಬರೆಸುವುದಕ್ಕಿಂತ ಮುಂಚೆ ಚಿತ್ರ ಬರೆಸುವುದು ಇನ್ನೂ ಒಳ್ಳೆಯದು. ಅಮೆರಿಕದ ಕಾದಂಬರಿಕಾರ ಕರ್ಟ್ ವಾನೆಗಟ್ ತನ್ನ ಭಾಷಣಗಳಲ್ಲಿ ಕಪ್ಪುಹಲಗೆಯ ಮೇಲೆ ಎರಡು ಗೆರೆ ಎಳೆಯುತ್ತಿದ್ದ. ನಿಂತ ಗೆರೆ ಅದೃಷ್ಟದ್ದು: ಮೇಲೆ ಸುಖ, ಕೆಳಗೆ ಕಷ್ಟ. ಅಡ್ಡ ಗೆರೆ ಕಾಲದ್ದು: ಎಡಕ್ಕೆ ಕಥೆಯ ಆರಂಭ, ಬಲಕ್ಕೆ ಕೊನೆ. ಸಿಂಡರೆಲಾ ಕೆಳಗಿನಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತಾಳೆ, ಹನ್ನೆರಡು ಗಂಟೆ ಹೊಡೆದಾಗ ದೊಪ್ಪನೆ ಕೆಳಗೆ ಬೀಳುತ್ತಾಳೆ, ಚಪ್ಪಲಿ ಕಾಲಿಗೆ ಸರಿಯಾಗಿ ಕೂತಾಗ ಮತ್ತೆ ಮೇಲೆ. ಇದೇ ವಿಷಯದ ಮೇಲೆ ಆತ ಬರೆದ ಪ್ರಬಂಧವನ್ನು ಶಿಕಾಗೋ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಮುಂದೆ 1971ರಲ್ಲಿ ಅವನ ಕಾದಂಬರಿಯೊಂದನ್ನೇ ಪ್ರಬಂಧವೆಂದು ಪರಿಗಣಿಸಿ ಪದವಿ ಕೊಟ್ಟಿತು. ಐದನೇ ತರಗತಿಯ ಮಕ್ಕಳಿಗೆ ಈ ರೇಖಾಚಿತ್ರ ಚೆನ್ನಾಗಿ ಒಗ್ಗುತ್ತದೆ. ಸೀಮೆಸುಣ್ಣ ಅವರ ಕೈಗೇ ಕೊಟ್ಟು, ತಾವು ನೋಡಿದ ಸಿನಿಮಾದ ಗೆರೆ ಎಳೆಯಲು ಹೇಳಿದರೆ ಸಾಕು. ‘ಅಲ್ಲ ಕಣೋ, ಇಂಟರ್ವಲ್ ಹತ್ರ ಇನ್ನೂ ಕೆಳಗೆ ಬರ್ಬೇಕು’ ಎಂಬ ಜಗಳ ತಾನಾಗಿ ಶುರುವಾಗುತ್ತದೆ. ಕಥೆಯ ರಚನೆಯ ಪಾಠವೆಂದರೆ ಆ ಜಗಳವೇ.

ಕ್ಯಾಂಪ್‌ಬೆಲ್ ಕಂಡ ಚಕ್ರ

ನಾಯಕನ ಪಯಣಕ್ಕೆ ಇಂದಿನ ಹೆಸರು ತಂದವನು ಜೋಸೆಫ್ ಕ್ಯಾಂಪ್‌ಬೆಲ್ (1904–1987). ನ್ಯೂಯಾರ್ಕ್ ಬಳಿಯ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಸುಮಾರು ನಾಲ್ಕು ದಶಕ ಪಾಠ ಮಾಡಿದವನು. 1949ರಲ್ಲಿ ಬಂದ ‘ದ ಹೀರೋ ವಿತ್ ಎ ಥೌಸಂಡ್ ಫೇಸಸ್’ ಪುಸ್ತಕದಲ್ಲಿ, ಜಗತ್ತಿನ ಪುರಾಣಗಳ ಅಡಿಯಲ್ಲೆಲ್ಲ ಒಂದೇ ಕಥೆ ಹರಿಯುತ್ತಿದೆ ಎಂದ. ನಾಯಕ ತನ್ನ ಲೋಕ ಬಿಟ್ಟು ಹೊರಡುತ್ತಾನೆ, ಅಪರಿಚಿತ ಲೋಕದಲ್ಲಿ ಪರೀಕ್ಷೆಗೊಳಗಾಗುತ್ತಾನೆ, ಏನನ್ನೋ ಗಳಿಸಿ ಮರಳುತ್ತಾನೆ. ಈ ಮೂರು ಘಟ್ಟಗಳನ್ನು ಆತ ಹದಿನೇಳು ಹಂತಗಳಾಗಿ ಬಿಡಿಸಿದ.

ಆ ಪುಸ್ತಕದಲ್ಲಿ ಭಾರತದ ಪಾಲು ದೊಡ್ಡದು. ಸ್ವಾಮಿ ನಿಖಿಲಾನಂದರು ಶ್ರೀರಾಮಕೃಷ್ಣರ ಕಥಾಮೃತವನ್ನು ಇಂಗ್ಲಿಷಿಗೆ ತರುವಾಗ ನೆರವಾದವರಲ್ಲಿ ಕ್ಯಾಂಪ್‌ಬೆಲ್ ಒಬ್ಬ. ಬುದ್ಧನ ಮಹಾಭಿನಿಷ್ಕ್ರಮಣ ಅವನ ಮುಖ್ಯ ಉದಾಹರಣೆಗಳಲ್ಲೊಂದು. ಪಯಣ ಮುಗಿಸಿದ ನಾಯಕ ಲೋಕಕ್ಕೆ ಮರಳಲು ಒಲ್ಲದೆ ಹೋಗುವ ಹಂತವೊಂದಿದೆ. ಅಲ್ಲಿ ಅವನಿಗೆ ನೆನಪಾದವನು ನಮ್ಮ ಮುಚುಕುಂದ. ದೇವತೆಗಳ ಪರ ಯುದ್ಧ ಮಾಡಿ ದಣಿದು, ನಿದ್ದೆಯ ವರ ಕೇಳಿ ಗುಹೆಯಲ್ಲಿ ಮಲಗಿದ ರಾಜ. ಎಬ್ಬಿಸಿದ ಕಾಲಯವನ ಬೂದಿಯಾದ. ಎದ್ದ ಮುಚುಕುಂದನಿಗೆ ಮತ್ತೆ ರಾಜ್ಯ ಬೇಕಾಗಲಿಲ್ಲ. ಅಜ್ಜಿ ಹೇಳಿದ ಭಾಗವತದ ಕಥೆ ಹಾಲಿವುಡ್ಡಿನ ಮೂಲಗ್ರಂಥದಲ್ಲಿದೆ ಎಂದರೆ ಮಕ್ಕಳು ಕಿವಿ ನಿಮಿರಿಸುತ್ತಾರೆ.

ಹಾಲಿವುಡ್ ಎಂದದ್ದು ಸುಮ್ಮನೆ ಅಲ್ಲ. 1977ರ ‘ಸ್ಟಾರ್ ವಾರ್ಸ್’ ನಿರ್ದೇಶಕ ಜಾರ್ಜ್ ಲ್ಯೂಕಸ್ ತಾನು ಕ್ಯಾಂಪ್‌ಬೆಲ್‌ಗೆ ಋಣಿ ಎಂದು ಬಹಿರಂಗವಾಗಿ ಹೇಳಿಕೊಂಡ. 1980ರ ದಶಕದ ಮಧ್ಯದಲ್ಲಿ ಡಿಸ್ನಿ ಕಂಪನಿಯಲ್ಲಿ ಕಥೆಗಳನ್ನು ಓದಿ ಅಭಿಪ್ರಾಯ ಕೊಡುವ ಕೆಲಸದಲ್ಲಿದ್ದ ಕ್ರಿಸ್ಟೋಫರ್ ವೋಗ್ಲರ್, ಕ್ಯಾಂಪ್‌ಬೆಲ್‌ನ ದಪ್ಪ ಪುಸ್ತಕವನ್ನು ಏಳು ಪುಟಗಳ ಟಿಪ್ಪಣಿಯಾಗಿ ಇಳಿಸಿದ. ಅದರ ಜೆರಾಕ್ಸುಗಳು ಸ್ಟುಡಿಯೋದಿಂದ ಸ್ಟುಡಿಯೋಗೆ ಓಡಾಡಿದವು. 1992ರಲ್ಲಿ ಅದೇ ಪುಸ್ತಕವಾಯಿತು. ಹದಿನೇಳು ಹಂತ ಹನ್ನೆರಡಾಯಿತು. ಶಾಲೆಯ ಗೋಡೆಯ ಮೇಲಿರುವ ಚಾರ್ಟು ವೋಗ್ಲರನದು. ಪುರಾಣ ಓದಿದ ವಿದ್ವಾಂಸ ಕಂಡದ್ದು ಬೇರೆ, ಚಿತ್ರಕಥೆ ಬೇಗ ತಯಾರಾಗಬೇಕಿದ್ದವರು ಹಿಡಿದುಕೊಂಡದ್ದು ಬೇರೆ. ಈ ವ್ಯತ್ಯಾಸವನ್ನು ಕಲಿಸುವವರಾದರೂ ತಿಳಿದಿರಬೇಕು.

ಮಣಿಪುರದ ಹುಡುಗ

ಹನ್ನೆರಡು ಹಂತಗಳನ್ನು ಕನ್ನಡದ ಮಕ್ಕಳಿಗೆ ಹೇಳಲು ಸ್ಟಾರ್ ವಾರ್ಸ್ ನಾಯಕ ಲ್ಯೂಕ್ ಸ್ಕೈವಾಕರ್ ಬೇಕಾಗಿಲ್ಲ, ಬಭ್ರುವಾಹನ ಸಾಕು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿದ್ದಾನೆ, ಯಕ್ಷಗಾನದ ಕಾಳಗದಲ್ಲಿದ್ದಾನೆ, ರಾಜ್‌ಕುಮಾರ್ ತಂದೆಯೂ ಮಗನೂ ಆಗಿ ನಟಿಸಿದ ಸಿನಿಮಾದಲ್ಲಿದ್ದಾನೆ. ಆ ಸಿನಿಮಾ ಬಂದದ್ದೂ 1977ರಲ್ಲೇ, ಸ್ಟಾರ್ ವಾರ್ಸ್ ಬಂದ ವರ್ಷ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಎರಡೂ ಕಡೆ ಮಗ ತಂದೆಯ ಎದುರು ಆಯುಧ ಹಿಡಿಯುತ್ತಾನೆ. ಅಲ್ಲಿ ಎದುರಾಳಿಯೇ ತಂದೆ ಎಂಬ ಗುಟ್ಟು 1980ರ ಎರಡನೇ ಚಿತ್ರದಲ್ಲಿ ಬಯಲಾಯಿತು. ನಮ್ಮ ಪ್ರೇಕ್ಷಕರಿಗೆ ಮೊದಲ ರೀಲಿನಿಂದಲೇ ಗೊತ್ತಿತ್ತು.

ಮಣಿಪುರದಲ್ಲಿ ತಾಯಿ ಚಿತ್ರಾಂಗದೆಯ ನೆರಳಲ್ಲಿ ಬೆಳೆದ ಹುಡುಗ: ಇದು ಅವನ ನಿತ್ಯದ ಬದುಕು. ಪಾಂಡವರ ಅಶ್ವಮೇಧದ ಕುದುರೆ ಊರಿಗೆ ಬಂತು: ಇದು ಕರೆ. ಕಟ್ಟಿಹಾಕಿದ ಮೇಲೆ ತಾಯಿ ಹೇಳುತ್ತಾಳೆ, ಕುದುರೆಯ ಬೆಂಗಾವಲಿಗೆ ಬಂದಿರುವ ಅರ್ಜುನ ನಿನ್ನ ತಂದೆ. ಹುಡುಗ ಯುದ್ಧದ ಯೋಚನೆ ಬಿಟ್ಟು ಕಾಣಿಕೆ ಸಮೇತ ಕುದುರೆಯನ್ನು ಒಪ್ಪಿಸಲು ಹೋಗುತ್ತಾನೆ: ಹಿಂಜರಿಕೆಯ ಹಂತ ಎನ್ನಬಹುದು, ಆದರೆ ಇಲ್ಲಿ ಹಿಂಜರಿಕೆಯೇ ಧರ್ಮ. ಅರ್ಜುನ ಅವನನ್ನು ಒಪ್ಪುವುದಿಲ್ಲ, ಹುಟ್ಟನ್ನೇ ಹೀಯಾಳಿಸುತ್ತಾನೆ. ಹೊಸ್ತಿಲು ದಾಟಿಸುವುದು ಆ ಅವಮಾನ. ಯುದ್ಧವಾಗುತ್ತದೆ, ಅರ್ಜುನ ಸಾಯುತ್ತಾನೆ. ಗೆದ್ದವನ ಮನೆಯಲ್ಲಿ ತಾಯಿ ವಿಧವೆ. ಆಮೇಲೆ ಅರ್ಜುನನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿ ದಾರಿ ತೋರಿಸುತ್ತಾಳೆ. ವೋಗ್ಲರನ ಪಟ್ಟಿಯಲ್ಲಿ ಗುರು ನಾಲ್ಕನೇ ಹಂತದಲ್ಲಿ ಬರಬೇಕು, ಇಲ್ಲಿ ಅನಾಹುತ ಆದ ಮೇಲೆ ಬರುತ್ತಾಳೆ. ನಾಗಲೋಕದಿಂದ ಸಂಜೀವಕ ಮಣಿ ತರಬೇಕು. ಹುಡುಗ ಪಾತಾಳದ ನಾಗರೊಡನೆ ಹೋರಾಡಿ ಮಣಿ ತರುತ್ತಾನೆ, ಸತ್ತ ತಂದೆ ಎದ್ದು ಕೂರುತ್ತಾನೆ.

ಹನ್ನೆರಡನೇ ಹಂತಕ್ಕೆ ವೋಗ್ಲರ್ ಕೊಟ್ಟ ಹೆಸರು, ಅಮೃತದೊಂದಿಗೆ ಮರಳುವುದು. ಬಭ್ರುವಾಹನನ ವಿಷಯದಲ್ಲಿ ಅದು ಅಕ್ಷರಶಃ ನಿಜ. ಕ್ಯಾಂಪ್‌ಬೆಲ್‌ನ ಹದಿನೇಳರಲ್ಲಿದ್ದು ವೋಗ್ಲರನ ಪಟ್ಟಿಯಲ್ಲಿ ಬೇರೆ ಹಂತದೊಳಗೆ ಕರಗಿಹೋದ ‘ತಂದೆಯೊಡನೆ ಸಂಧಾನ’ವೂ ಇಲ್ಲಿ ಸ್ಪಷ್ಟವಾಗಿದೆ. ಇಷ್ಟು ಸರಿಹೊಂದುವ ಕಥೆ ಸಿಕ್ಕಾಗ ಮಕ್ಕಳು ಹಂತಗಳನ್ನು ಗುರುತಿಸುವ ಆಟವನ್ನು ಬೇಗ ಕಲಿಯುತ್ತಾರೆ. ಕಲಿತ ಮೇಲೆ ಒಂದು ಪ್ರಶ್ನೆ ಕೇಳಬೇಕು. ಸಾಮಾನ್ಯವಾಗಿ ನಾಯಕ ಊರಿಗೆ ಒದಗಿದ ಕಷ್ಟ ನೀಗಲು ಅಮೃತ ತರುತ್ತಾನೆ. ಇವನು ತಂದದ್ದು ಯಾರು ಮಾಡಿದ ತಪ್ಪನ್ನು ಸರಿಪಡಿಸಲು? ಇವನು ಗೆದ್ದ ಯುದ್ಧವೇ ಇವನ ಆಪತ್ತು. ಆ ಉತ್ತರ ಮಕ್ಕಳ ಬಾಯಿಂದ ಬಂದರೆ ಚಾರ್ಟಿನ ಕೆಲಸ ಆಯಿತು.

ಹುಲಿಗೊಂದು ಪಯಣ

ಈಗ ಎಲ್ಲರಿಗೂ ಬಾಯಿಗೆ ಬರುವ ಗೋವಿನ ಹಾಡು ತೆಗೆದುಕೊಳ್ಳಿ. ಪುಣ್ಯಕೋಟಿಯನ್ನು ಹನ್ನೆರಡು ಹಂತಗಳಲ್ಲಿ ಕೂರಿಸಲು ಹೇಳಿ. ಮೊದಲ ಹತ್ತು ನಿಮಿಷ ಸರಾಗವಾಗಿ ಹೋಗುತ್ತದೆ. ದೊಡ್ಡಿ ನಿತ್ಯದ ಬದುಕು, ಅರ್ಬುತ ಹುಲಿ ಶತ್ರು. ಆಮೇಲೆ ಚಾರ್ಟು ತಡವರಿಸುತ್ತದೆ. ಈ ಹಸು ಕಥೆಯ ನಡುವೆ ಮನೆಗೆ ಬಂದು, ಕೊನೆಯಲ್ಲಿ ಶತ್ರುವಿನ ಗುಹೆಗೆ ಹೋಗುತ್ತದೆ. ನಾಯಕರು ಮರಳಬೇಕಾದದ್ದು ಮನೆಗೆ. ಇದು ಮರಳುವುದು ಸಾವಿನ ಕಡೆಗೆ. ಕರುವಿಗೆ ಹಾಲು ಕೊಟ್ಟು, ಅದನ್ನು ಬೇರೆ ಹಸುಗಳ ಕೈಗೊಪ್ಪಿಸುವ ಜಾಗ ಇಡೀ ಹಾಡಿನ ಕಠಿಣ ಪರೀಕ್ಷೆ, ಮತ್ತು ಅದು ನಡೆಯುವುದು ಮನೆಯೊಳಗೆ.

ಇನ್ನೂ ದೊಡ್ಡ ತೊಡಕು ಬೇರೆಯದು. ಪಯಣ ಮುಗಿಯುವಷ್ಟರಲ್ಲಿ ನಾಯಕ ಬದಲಾಗಿರಬೇಕು. ಪುಣ್ಯಕೋಟಿ ಬದಲಾಗುವುದೇ ಇಲ್ಲ. ಹುಲಿಗೆ ಮಾತು ಕೊಟ್ಟಾಗ ಹೇಗಿತ್ತೋ ಗುಹೆಯ ಮುಂದೆ ಬಂದು ನಿಂತಾಗಲೂ ಹಾಗೇ ಇದೆ. ಹಾಗಾದರೆ ಈ ಕಥೆಯಲ್ಲಿ ಬದಲಾದವರು ಯಾರು?

‘ಹುಲಿ!’ ಎಂದು ಯಾರೋ ಒಬ್ಬರು ಕೂಗುತ್ತಾರೆ. ಉಳಿದವರು ಒಪ್ಪುವುದಿಲ್ಲ. ‘ಹುಲಿ ಹೆಂಗ್ ಮಿಸ್ ಹೀರೋ ಆಗತ್ತೆ, ಅದು ತಿನ್ನಕ್ ಬಂದಿದ್ದು!’ ಇಲ್ಲಿ ಶಿಕ್ಷಕರು ತೀರ್ಪು ಕೊಡಬಾರದು. ಹುಲಿಯ ಕಡೆಯಿಂದ ಅದೇ ಕಥೆ ಬರೆಯಲು ಹೇಳಬೇಕು. ಗುಹೆ, ಹಸಿವು, ನಿತ್ಯದ ಬದುಕು. ಬೇಟೆ ಸಿಕ್ಕಿತು, ಬೇಟೆ ಬಾಯಿ ತೆರೆದು ಅವಕಾಶ ಕೇಳಿತು: ಹುಲಿಗೆ ಬಂದ ಕರೆ ಇದು. ಮೊದಲು ನಂಬಲಿಲ್ಲ: ನಿರಾಕರಣೆ. ಬಿಟ್ಟು ಕಳಿಸಿತು: ಹೊಸ್ತಿಲು ದಾಟಿತು. ಕಾಯಿತು. ಹಸು ನಿಜವಾಗಿಯೂ ತಿರುಗಿ ಬಂತು. ಹುಲಿಗೆ ಇದಕ್ಕಿಂತ ದೊಡ್ಡ ಅಗ್ನಿಪರೀಕ್ಷೆ ಬೇರೆಯಿಲ್ಲ. ಕೊನೆಗೆ ತಿನ್ನಲಾರದೆ ಪ್ರಾಣ ಬಿಟ್ಟಿತು. ಚಾರ್ಟು ಹಸುವಿಗಿಂತ ಹುಲಿಗೆ ಚೆನ್ನಾಗಿ ಹೊಂದುತ್ತದೆ. ಕಥೆಯನ್ನು ಮುಂದಕ್ಕೆ ನಡೆಸುವವರು ಒಬ್ಬರು, ಅದರಿಂದ ಬದಲಾಗುವವರು ಇನ್ನೊಬ್ಬರು ಆಗಿರಬಹುದು ಎಂಬುದು ಕಾಲೇಜಿನ ಕಥನಶಾಸ್ತ್ರದ ಪಾಠ. ಗೋವಿನ ಹಾಡಿನ ನೆರವಿದ್ದರೆ ಏಳನೇ ತರಗತಿಗೂ ದಕ್ಕುತ್ತದೆ. ಯಾವುದಾದರೂ ಹುಡುಗಿ ಕರುವಿನ ಕಡೆಯಿಂದ ಬರೆಯುತ್ತೇನೆ ಎಂದರೆ ತಡೆಯಬೇಡಿ. ಅಮ್ಮ ಹೋದಳು, ಅಮ್ಮ ತಿರುಗಿ ಬಂದಳು, ನಡುವೆ ಏನಾಯಿತು ಎಂದು ನೋಡಲಾಗದವರ ಕಥೆ ಅದು. ಮೂರರಲ್ಲಿ ಅತ್ಯಂತ ಕಷ್ಟದ್ದು.

ಮದುವೆಯಿಂದ ಶುರುವಾಗುವ ಕಥೆಗಳು

ಕ್ಯಾಂಪ್‌ಬೆಲ್‌ನ ಚಕ್ರದ ಮೇಲೆ ಬಂದ ಟೀಕೆಗಳಲ್ಲಿ ಎರಡನ್ನು ಮಕ್ಕಳಿಗೂ ಹೇಳಬಹುದು. ತನಗೆ ಬೇಕಾದ ಕಥೆಗಳನ್ನಷ್ಟೇ ಆರಿಸಿಕೊಂಡು ಎಲ್ಲ ಕಥೆಯೂ ಒಂದೇ ಎಂದ ಎಂಬುದು ಬರ್ಕ್ಲಿಯ ಜಾನಪದ ವಿದ್ವಾಂಸ ಅಲನ್ ಡಂಡೀಸ್ ಅಂಥವರ ತಕರಾರು. ಎರಡನೆಯದು, ಆ ಚಕ್ರದಲ್ಲಿ ಹೆಣ್ಣು ಎಲ್ಲಿದ್ದಾಳೆ? ಮೌರೀನ್ ಮರ್ಡಾಕ್ ಈ ಪ್ರಶ್ನೆಯನ್ನು ಕ್ಯಾಂಪ್‌ಬೆಲ್‌ಗೇ ಹಾಕಿದ್ದಳು. ಹೆಣ್ಣಿಗೆ ಈ ಪಯಣದ ಅಗತ್ಯವೇ ಇಲ್ಲ ಎಂಬರ್ಥದ ಉತ್ತರ ಬಂತು. ಆಕೆ ಒಪ್ಪದೆ 1990ರಲ್ಲಿ ‘ದ ಹೀರೋಯಿನ್ಸ್ ಜರ್ನಿ’ ಎಂಬ ಪುಸ್ತಕ ಬರೆದಳು.

ನಮ್ಮಲ್ಲಿ ಇದಕ್ಕೆ ಇನ್ನೂ ಹತ್ತಿರದ ಉತ್ತರವಿದೆ. ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಮಾಡಿದ ಎ.ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಹೆಂಗಸರು ಹೇಳುವ ಕಥೆಗಳನ್ನು ಸಂಗ್ರಹಿಸಿದರು. ಅವರು ಗಮನಿಸಿದ್ದು ಇದು: ಗಂಡು ನಾಯಕನ ಕಥೆಯಲ್ಲಿ ಮದುವೆ ಕೊನೆಗೆ ಬರುತ್ತದೆ. ರಾಜಕುಮಾರ ಏಳು ಸಮುದ್ರ ದಾಟಿ, ಹೂವಾಡಗಿತ್ತಿ ಅಜ್ಜಿಯ ಮನೆಯಲ್ಲಿ ತಂಗಿ, ಗಿಳಿಯೊಳಗಿನ ರಾಕ್ಷಸನ ಪ್ರಾಣ ತೆಗೆದು, ಹುಡುಗಿಯನ್ನು ಗೆಲ್ಲುತ್ತಾನೆ, ಕಥೆ ಮುಗಿಯಿತು. ಹೆಂಗಸರ ಕಥೆಯಲ್ಲಿ ಮದುವೆ ಮೊದಲೋ ನಡುವೆಯೋ ಆಗಿಹೋಗುತ್ತದೆ. ನಿಜವಾದ ತಾಪತ್ರಯ ಶುರುವಾಗುವುದು ಆಮೇಲೆ.

ರಾಮಾನುಜನ್ ಸಂಗ್ರಹಿಸಿದ ‘ಹಂಚಿ’ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಕನ್ನಡದ ಸಿಂಡರೆಲಾ ಎಂದೇ ಕರೆಯುತ್ತಾರೆ. ಹೊಂಗೂದಲಿನ ಹುಡುಗಿಯೊಬ್ಬಳು ಮನೆಯೊಳಗಿನ ಅಪಾಯದಿಂದ ಪಾರಾಗಲು ತಾಯಿ ಕೊಟ್ಟ ಮಣ್ಣಿನ ಮುಖವಾಡ ತೊಟ್ಟು ಊರು ಬಿಡುತ್ತಾಳೆ. ಆ ಮುಖವಾಡದಿಂದ ಅವಳಿಗೆ ಹಂಚಿ ಎಂಬ ಹೆಸರು. ಸಾಹುಕಾರನ ಮನೆಯಲ್ಲಿ ಕೆಲಸಕ್ಕೆ ನಿಲ್ಲುತ್ತಾಳೆ. ಮುಖವಾಡ ತೆಗೆದು ಸ್ನಾನ ಮಾಡುವಾಗ ಮನೆಯ ಮಗ ಕಂಡು ಮೋಹಗೊಳ್ಳುತ್ತಾನೆ, ಮದುವೆಯಾಗುತ್ತದೆ. ಸಿಂಡರೆಲಾ ಇಲ್ಲಿಗೆ ಮುಗಿದಿರುತ್ತಿತ್ತು. ಹಂಚಿ ಅರ್ಧಕ್ಕೆ ಬಂದಿದೆ ಅಷ್ಟೆ. ಮನೆಗೆ ಬರುವ ಗುರುವಿನ ಕಣ್ಣು ಅವಳ ಮೇಲೆ ಬೀಳುತ್ತದೆ. ಅವನ ಮಂತ್ರತಂತ್ರಗಳನ್ನು ಅವಳು ಜಾಣತನದಿಂದ ತಪ್ಪಿಸುತ್ತಾಳೆ. ಅವನು ಅವಳ ಶೀಲದ ಮೇಲೆ ಅಪವಾದ ಹೊರಿಸುತ್ತಾನೆ. ಗಂಡನ ಮನೆಯವರು ನಂಬಿ ಅವಳನ್ನು ಪೆಟ್ಟಿಗೆಯಲ್ಲಿ ಹಾಕಿ ಅವನಿಗೇ ಒಪ್ಪಿಸುತ್ತಾರೆ. ದಾರಿಯಲ್ಲಿ ಮುದುಕಿಯೊಬ್ಬಳು ಅವಳನ್ನು ಬಿಡಿಸಿ ಪೆಟ್ಟಿಗೆಯೊಳಗೆ ಹುಚ್ಚುನಾಯಿ ಹಾಕಿಡುತ್ತಾಳೆ. ಗುರುವಿನ ಗತಿ ಏನಾಯಿತೆಂದು ಹೇಳಬೇಕಿಲ್ಲ.

ಕಪ್ಪುಹಲಗೆಯ ಮೇಲೆ ವಾನೆಗಟ್‌ನ ಸಿಂಡರೆಲಾ ಗೆರೆಯ ಕೆಳಗೇ ಹಂಚಿಯ ಗೆರೆ ಎಳೆಸಿ. ಮದುವೆಯಲ್ಲಿ ಮೇಲೇರಿದ ಗೆರೆ ಮತ್ತೆ ಕೆಳಕ್ಕೆ ಇಳಿಯುವುದನ್ನು ಮಕ್ಕಳು ತಾವೇ ಕಾಣುತ್ತಾರೆ. ‘ಇಲ್ಲಿ ಗುರು ಯಾರು?’ ಎಂಬ ಪ್ರಶ್ನೆಗೆ ನಗು ಬರುತ್ತದೆ, ಏಕೆಂದರೆ ಚಾ‌ರ್ಟಿನ ಗುರು ದಾರಿ ತೋರಿಸುವವನು, ಈ ಕಥೆಯ ಗುರುವೇ ಖಳ. ಹಾದಿ ತೋರಿಸುವವರು ತಾಯಿ ಮತ್ತು ಮುದುಕಿ. ರಾಮಾನುಜನ್ ಸಂಗ್ರಹದ್ದೇ ಆದ ಹೂಮರವಾಗುವ ಹುಡುಗಿಯ ಕಥೆಯನ್ನೂ ಹೀಗೇ ಬಳಸಬಹುದು. ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರವೂ, 2006ರಲ್ಲಿ ಬಂದ ಜಾನ್ ಆಡಮ್ಸ್‌ನ ಒಪೆರಾವೂ ಅದರಿಂದಲೇ ಹುಟ್ಟಿದವು.

ಬರಿಗೈಲಿ ಮರಳಿದವರು

ಹೈಸ್ಕೂಲಿಗೆ ಬಂದ ಮಕ್ಕಳ ಕೈಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೊಡಬೇಕು. ಮೇಲ್ನೋಟಕ್ಕೆ ಅಪ್ಪಟ ನಾಯಕನ ಪಯಣ. ಕೃಷಿಯ ಸಹವಾಸವೇ ಬೇಡ, ಜಮೀನು ಮಾರಿ ಹೋಗೋಣ ಎಂಬ ಯೋಚನೆಯಲ್ಲಿರುವ ನಿರೂಪಕ. ವಿಜ್ಞಾನಿ ಕರ್ವಾಲೊ ಎಂಬ ಗುರು. ಜೇನು, ಹುಳು, ಹಕ್ಕಿಗಳ ಹಿಂದೆ ಅಲೆಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ರಭಾಕರ, ಕಿವಿ ಎಂಬ ನಾಯಿ: ಬೇಕಾದಷ್ಟು ಮಿತ್ರರು. ಹೊಸ್ತಿಲಾಗಿ ದಟ್ಟ ಕಾಡು. ಹುಡುಕುವ ನಿಧಿ ಹಾರುವ ಓತಿ. ಕೊನೆಗೆ ಅದು ಕಣ್ಣೆದುರೇ ಕಾಣಿಸಿಕೊಂಡು ಪ್ರಪಾತದ ಕಡೆಗೆ ತೇಲಿ ಹೋಗಿಬಿಡುತ್ತದೆ. ಹನ್ನೆರಡನೇ ಮನೆ ಖಾಲಿ. ‘ಅಮೃತ ಎಲ್ಲಿ?’ ಎಂದು ಕೇಳಿ, ಸುಮ್ಮನಿದ್ದುಬಿಡಿ. ಕೆಲವರು ನಿರೂಪಕ ಸೋತ ಎನ್ನುತ್ತಾರೆ. ಕೆಲವರು ಅವನಿಗೆ ಸಿಕ್ಕಿದ್ದು ಓತಿಗಿಂತ ದೊಡ್ಡದು ಎನ್ನುತ್ತಾರೆ. ಪುಸ್ತಕದ ಯಾವ ಪುಟ ಅವರನ್ನು ಹಾಗೆ ಹೇಳಿಸಿತು ಎಂದು ತೋರಿಸಬೇಕಾದದ್ದು ಅವರ ಹೊಣೆ.

ಪಿಯುಸಿಯವರಿಗೆ ಹಳಗನ್ನಡದ ಜೈನ ಕಥೆಗಳ ‘ವಡ್ಡಾರಾಧನೆ’ ಇದೆ. ಅದರ ಹತ್ತೊಂಬತ್ತು ಕಥೆಗಳಲ್ಲಿ ನಾಯಕರು ಮನೆ ಬಿಟ್ಟು ಹೊರಡುತ್ತಾರೆ, ಉಪಸರ್ಗಗಳನ್ನು, ಅಂದರೆ ತಪಸ್ಸಿಗೆ ಎದುರಾಗುವ ಹಿಂಸೆಗಳನ್ನು, ಸಹಿಸುತ್ತಾರೆ, ತಿರುಗಿ ಮನೆಗೆ ಬರುವುದಿಲ್ಲ. ಚಕ್ರ ಸುತ್ತು ಬರುವುದೇ ಸಂಸಾರ, ಅದರಿಂದ ಬಿಡಿಸಿಕೊಳ್ಳುವುದೇ ಗುರಿ ಎಂದು ನಂಬಿದ ಲೋಕದ ಕಥೆಗಳಿಗೆ ‘ಮರಳಿ ಮನೆಗೆ’ ಎಂಬ ಹಂತ ಹೇಗೆ ಹೊಂದಬೇಕು? ಕಥೆಯ ರಚನೆ ಅದನ್ನು ಹೇಳಿದವರ ನಂಬಿಕೆಯ ಜೊತೆ ಹೆಣೆದುಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಮಕ್ಕಳು ತಾವೇ ಬರೆಯುವಾಗ ಆಗುವ ಒಂದು ಅನಾಹುತವನ್ನೂ ಹೇಳಬೇಕು. ಚಾರ್ಟು ಮೊದಲು ಕೊಟ್ಟು ಕಥೆ ಆಮೇಲೆ ಕೇಳಿದ ತರಗತಿಯಲ್ಲಿ ಎಲ್ಲರೂ ಮಂತ್ರದ ಕತ್ತಿ ಹಿಡಿದು ಒಂದೇ ಗುಹೆಗೆ ಹೋಗುತ್ತಾರೆ. ಹೆಸರುಗಳೂ ಜಾನ್, ಆಲಿಸ್. ಚಾರ್ಟಿನ ಜೊತೆ ಅದರ ಉದಾಹರಣೆಗಳೂ ಬಂದು ಕೂತಿರುತ್ತವೆ. ಮೊದಲು ಕಥೆ ಬರೆಸಿ, ಆಮೇಲೆ ಹಂತಗಳ ಪ್ರಶ್ನೆ ಕೇಳಿದರೆ ಹೀಗಾಗುವುದಿಲ್ಲ. ಬಸ್ ಪಾಸ್ ಕಳೆದುಕೊಂಡ ದಿನದ ಕಥೆಯಲ್ಲೂ ಕರೆ ಇರುತ್ತದೆ, ಹೊಸ್ತಿಲು ಇರುತ್ತದೆ, ಚಿಲ್ಲರೆ ಕೊಟ್ಟು ಕಾಪಾಡುವ ಅಪರಿಚಿತ ಅಜ್ಜಿ ಇರುತ್ತಾಳೆ. ರಷ್ಯದ ವ್ಲಾದಿಮಿರ್ ಪ್ರೊಪ್ 1928ರಲ್ಲಿ ಜನಪದ ಕಥೆಗಳ ಮೂವತ್ತೊಂದು ಕ್ರಿಯೆಗಳನ್ನು ಪಟ್ಟಿ ಮಾಡಿದ್ದು ನೂರು ಕಥೆಗಳನ್ನು ಮುಂದಿಟ್ಟುಕೊಂಡು. ಕಥೆಗಳು ಮೊದಲು ಇದ್ದವು, ಪಟ್ಟಿ ಆಮೇಲೆ ಬಂತು. ತರಗತಿಯಲ್ಲೂ ಅದೇ ಕ್ರಮ ಇರಲಿ.

ಶಿಕ್ಷಕರಲ್ಲಿ ಎರಡು ಕೋರಿಕೆ. ಹನ್ನೆರಡು ಹಂತಗಳನ್ನು ಪರೀಕ್ಷೆಯ ಪ್ರಶ್ನೆ ಮಾಡಬೇಡಿ. ಹಂತಗಳ ಹೆಸರು ಬರೆದದ್ದಕ್ಕೆ ಅಂಕ ಕೊಟ್ಟ ದಿನ ಅದೂ ‘ಯಾರು ಯಾರಿಗೆ ಹೇಳಿದರು’ ಸಾಲಿಗೆ ಸೇರುತ್ತದೆ. ಚಾರ್ಟನ್ನು ಗೋಡೆಗೆ ಅಂಟಿಸಲೇಬೇಕೆಂದಿದ್ದರೆ ವರ್ಷದ ಕೊನೆಯಲ್ಲಿ ಅಂಟಿಸಿ, ಪಕ್ಕದಲ್ಲಿ ಅಷ್ಟೇ ದೊಡ್ಡ ಖಾಲಿ ಹಾಳೆಯೊಂದನ್ನೂ ಅಂಟಿಸಿ. ಈ ಚಕ್ರಕ್ಕೆ ಹೊಂದದ ಕಥೆ ಯಾವುದು ಸಿಕ್ಕಿದರೂ ಮಕ್ಕಳು ಅದರ ಹೆಸರನ್ನು ಅಲ್ಲಿ ಬರೆಯಲಿ.